ಸೀಸವನ್ನು ಯಾರೂ ಹೂತಿಡುವುದಿಲ್ಲ

ಹಳೇ ಸಾಮಾನಿನ ಬಗ್ಗೆ ಓದುಗರು ಕೇಳುವ ಈ ಪುಟಕ್ಕೆ ಈ ತಿಂಗಳು ಬಂದ ಪತ್ರಗಳಲ್ಲಿ ಐದು ಸೀಸದ ಬಗ್ಗೆಯೇ ಇದ್ದವು. ಮೆಟಲ್ ಡಿಟೆಕ್ಟರ್ ಈಗ ಸುಲಭವಾಗಿ ಕೈಗೆ ಸಿಗುತ್ತಿದೆ, ಅದಕ್ಕೇ ಇರಬೇಕು. ಐದನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೊಸಬರಿಗೆ ಒಂದು ಮಾತು: ನಾನು ಹಾಸನದ ಒಂದು ಪ್ರೆಸ್ಸಿನಲ್ಲಿ 22 ವರ್ಷ ಮೊಳೆ, ಅಂದರೆ ಅಚ್ಚು ಹಾಕುವ ಸೀಸದ ಅಕ್ಷರ, ಜೋಡಿಸಿದವಳು. ನಮ್ಮನೆಯವರು ತಕ್ಕಡಿ ರಿಪೇರಿ ಮಾಡುತ್ತಿದ್ದರು. ಸೀಸ ನಮ್ಮ ಮನೆಗೆ ಎರಡೂ ಕಡೆಯಿಂದ ಬಂದಿದೆ.

ಪ್ರಶ್ನೆ: ಅಕ್ಕಾವ್ರೇ, ಕಾಫಿ ಕೊಯ್ಲಿನಲ್ಲಿ ನಮ್ಮ ಮನೆಯವಳ ಬಂಗಾರದ ಓಲೆ ತೋಟದಲ್ಲಿ ಬಿದ್ದುಹೋಯಿತು. ಹುಡುಕೋಣ ಅಂತ ಮಗ ಮೆಟಲ್ ಡಿಟೆಕ್ಟರ್ ತರಿಸಿದ. ಓಲೆ ಸಿಗಲಿಲ್ಲ. ಭಾರವಾದ ಬೂದು ಬಣ್ಣದ ವಸ್ತುಗಳು ಸಿಕ್ಕಿವೆ. ಮೂರು ದೊಡ್ಡ ಗುಂಡು, ಐದು ಸಣ್ಣ ಗುಂಡು, ಒಂದು ಬಿಲ್ಲೆ, ಒಂದು ಮುರಿದ ಬಳೆಯಂಥದ್ದು. ಊರಲ್ಲಿ ಕೆಲವರು ಟಿಪ್ಪು ಕಾಲದ ನಿಧಿಯ ಗುರುತು ಅಂತಾರೆ. ಒಬ್ಬರು ಬೆಳ್ಳಿ ಅಂದರು. ಏನಿವು? ಇಟ್ಟುಕೊಳ್ಳಬಹುದಾ?
— ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ನೀವು ಹಾಸನಕ್ಕೆ ಬಂದಾಗ ಕೊಟ್ಟುಹೋದ ಡಬ್ಬಿ ನನ್ನ ಮೇಜಿನ ಮೇಲಿದೆ. ಎರಡು ದಿನ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದೆ.

ಮೊದಲು ಬೆಳ್ಳಿಯೋ ಸೀಸವೋ ಅನ್ನುವುದು. ಉಗುರಿನಿಂದ ಗೀರಿದೆ, ಗೀರು ಬಿತ್ತು. ಬೆಳ್ಳಿಯ ಮೇಲೆ ಉಗುರಿನ ಗೀರು ಬೀಳುವುದಿಲ್ಲ. ಬಿಳಿ ಕಾಗದದ ಮೇಲೆ ಎಳೆದೆ, ಪೆನ್ಸಿಲಿನ ಹಾಗೆ ಬೂದು ಗೆರೆ ಬಂತು. ಆಮೇಲೆ ನೀರಿನ ಪರೀಕ್ಷೆ. ಒಡವೆ ಅಂಗಡಿಯಲ್ಲಿರುವಂಥ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಇದನ್ನು ನೀವೂ ಮಾಡಬಹುದು. ವಸ್ತುವನ್ನು ತೂಗಿ ಬರೆದಿಟ್ಟುಕೊಳ್ಳಿ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ವಸ್ತುವಿಗೆ ದಾರ ಕಟ್ಟಿ ನೀರಿನೊಳಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳಕ್ಕೋ ಪಕ್ಕಕ್ಕೋ ತಾಗಬಾರದು. ಆಗ ತಕ್ಕಡಿ ಒಂದು ಅಂಕೆ ತೋರಿಸುತ್ತದೆ. ಮೊದಲಿನ ತೂಕವನ್ನು ಈ ಅಂಕೆಯಿಂದ ಭಾಗಿಸಿ. ನಿಮ್ಮ ಮೂರು ದೊಡ್ಡ ಗುಂಡು ಸೇರಿ 94 ಗ್ರಾಂ. ನೀರಿನಲ್ಲಿ ಬಂದ ಅಂಕೆ 8.3. ಭಾಗಿಸಿದರೆ 11.3. ಅದು ಸೀಸದ ಲೆಕ್ಕ. ಬೆಳ್ಳಿಗೆ 10.5, ತವರಕ್ಕೆ 7.3, ಸತುವಿಗೆ 7.1 ಬರುತ್ತದೆ.

ಇನ್ನು ನಿಧಿ ಅನ್ನುವ ಮಾತು. ಬಂಗಾರ ಹೂತಿಡುತ್ತಾರೆ, ಬೆಳ್ಳಿ ಹೂತಿಡುತ್ತಾರೆ. ಸೀಸವನ್ನು ಯಾರು ಹೂತಿಡುತ್ತಾರೆ ಹೇಳಿ? ಅದು ಕೆಲಸ ಮಾಡುವವರ ಜೇಬಿನಿಂದ, ಚೀಲದಿಂದ, ಕೈಯಿಂದ ಬಿದ್ದಿದ್ದು. ಆದ್ದರಿಂದಲೇ ನನಗೆ ಸೀಸ ಅಂದರೆ ಜಾಸ್ತಿ ಅಕ್ಕರೆ. ಅದು ಎಲ್ಲಿ ಸಿಕ್ಕಿತು ಅಂತ ಸರಿಯಾಗಿ ಗೊತ್ತಾದರೆ, ಅಲ್ಲಿ ಯಾರು ಏನು ಮಾಡುತ್ತಿದ್ದರು ಅನ್ನುವುದೂ ಗೊತ್ತಾಗುತ್ತದೆ. ಇದೇ ಗುಂಡು ನಡುವೆ ತೂತಿದ್ದು ಹೇಮಾವತಿ ದಂಡೆಯಲ್ಲಿ ಸಿಕ್ಕಿದ್ದರೆ, ಬೀಸುಬಲೆಯ ಅಂಚಿನಿಂದ ಕಳಚಿದ್ದು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ.

ನಿಮ್ಮ ಮೂರು ದೊಡ್ಡ ಗುಂಡುಗಳಲ್ಲಿ ತೂತಿಲ್ಲ. ಅಡ್ಡಳತೆ ಹದಿನೇಳೂವರೆ ಮಿಲಿಮೀಟರಿನ ಆಸುಪಾಸು, ಒಂದೊಂದು ಸುಮಾರು 31 ಗ್ರಾಂ. ಸುತ್ತ ಸಣ್ಣ ಏಣಿನಂಥ ಗೆರೆ ಇದೆ. ಅದು ಅಚ್ಚಿನ ಎರಡು ಹೋಳು ಕೂಡಿದ ಜಾಗ. ಒಂದು ಕಡೆ ಕತ್ತರಿಸಿದ ಗುರುತಿದೆ. ಸೀಸ ಹೊಯ್ದ ಬಾಯಿ ಅದು. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಬಂದೂಕಿನ ನಳಿಗೆ ಮುಕ್ಕಾಲು ಇಂಚು. ಮದ್ದಿನ ಮಸಿ ಕಟ್ಟಿದರೂ ಗುಂಡು ಸಲೀಸಾಗಿ ಇಳಿಯಲಿ ಅಂತ ಗುಂಡನ್ನು ಸ್ವಲ್ಪ ಸಣ್ಣದಾಗಿ ಎರಕ ಹೊಯ್ಯುತ್ತಿದ್ದರು. ಅದರ ಅಳತೆಗೂ ತೂಕಕ್ಕೂ ನಿಮ್ಮ ಗುಂಡು ಸರಿಯಾಗಿ ಕೂರುತ್ತದೆ.

ಟಿಪ್ಪು ಮಂಜರಾಬಾದಿನ ನಕ್ಷತ್ರದ ಕೋಟೆ ಕಟ್ಟಿಸಿದ್ದು 1792ರಲ್ಲಿ. ಅದು ನಿಮಗೆ ಗೊತ್ತಿರುತ್ತದೆ. ಆದರೆ ಟಿಪ್ಪು ಹೋದ ಮೇಲೂ ನಿಮ್ಮ ಸೀಮೆಯಲ್ಲಿ ಗುಂಡಿನ ಸದ್ದು ನಿಲ್ಲಲಿಲ್ಲ. ಆ ಸೀಮೆಯನ್ನು ಆಗ ಬಲಂ ಅನ್ನುತ್ತಿದ್ದರು. ಅಲ್ಲಿಯ ಪಾಳೆಯಗಾರ ಬಲಂ ನಾಯಕ ಕಂಪನಿಗೂ ಮೈಸೂರಿಗೂ ತಲೆ ಬಾಗಲಿಲ್ಲ. 1802ರ ಜನವರಿಯಲ್ಲಿ ಕಂಪನಿಯ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಆ ಕಾಡಿಗೇ ಸೈನ್ಯ ತಂದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನೂ ಇವನೇ. ನಮ್ಮ ಮಕ್ಕಳು ವಾಟರ್‌ಲೂ ಓದುತ್ತಾರೆ, ಬಲಂ ಓದುವುದಿಲ್ಲ. ಅದು ನನಗೆ ತುಂಬ ಬೇಜಾರಿನ ಸಂಗತಿ.

ಹಾಗಂತ ನಿಮ್ಮ ಗುಂಡು ಆ ಯುದ್ಧದ್ದೇ ಅಂತ ನಾನು ಹೇಳುತ್ತಿಲ್ಲ. ಇಂಥ ಗುಂಡನ್ನು ನಳಿಗೆಯ ಬಾಯಿಂದ ತುಂಬುವ ಕೋವಿ ಇಟ್ಟುಕೊಂಡವರು ಹಂದಿ ಹೊಡೆಯಲು ಆಮೇಲೂ ಎಷ್ಟೋ ಕಾಲ ಮನೆಯಲ್ಲೇ ಎರಕ ಹೊಯ್ದುಕೊಂಡಿದ್ದಾರೆ. ಒಂದು ವಿಷಯ ಮಾತ್ರ ಗಟ್ಟಿ. ಮೂರೂ ಹಾರಿಸದ ಗುಂಡುಗಳು. ಹಾರಿದ ಗುಂಡು ಬಂಡೆಗೋ ಮರಕ್ಕೋ ಬಡಿದು ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ನಿಮ್ಮವು ದುಂಡಗೇ ಇವೆ. ಮೂರೂ ಒಂದೇ ಮಾರಿನೊಳಗೆ, ಹಳೇ ಕಾಲುದಾರಿಯ ಪಕ್ಕ ಸಿಕ್ಕವು ಅಂದಿರಿ. ಹಾಗಾದರೆ ಆ ದಾರಿಯಲ್ಲಿ ಹೋದ ಯಾರದೋ ಸೊಂಟದ ಚೀಲದಿಂದ ಉದುರಿದ್ದು. ಆ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ಊರಿನ ಹಿರಿಯರನ್ನು ಕೇಳಿ ಬರೆದಿಡಿ. ಗುಂಡಿಗಿಂತ ಅದು ದೊಡ್ಡದು.

ಐದು ಸಣ್ಣ ಗುಂಡು ಅಷ್ಟು ಹಳೆಯವಲ್ಲ. ಒಂದೇ ಅಳತೆ, ಒಂಬತ್ತು ಮಿಲಿಮೀಟರ್, ಒಂದೊಂದು ನಾಲ್ಕೂವರೆ ಗ್ರಾಂ. ನಿಮ್ಮ ಕಡೆ ಕೋವಿ ಇರುವ ಯಾರನ್ನು ಕೇಳಿದರೂ ಎಲ್‌ಜಿ ತೋಟಾದ ಚರೆ ಅಂತ ಹೇಳುತ್ತಾರೆ. ದೊಡ್ಡ ಬೇಟೆಗೆ ಕೋವಿಗೆ ಹಾಕುವ ದಪ್ಪ ಚರೆಯ ತೋಟಾ ಅದು.

ಬಿಲ್ಲೆ ಗೊಬ್ಬರದ ಚೀಲದ ಸೀಲು. ಅದರ ದಪ್ಪದೊಳಗೆ ಪಕ್ಕಪಕ್ಕ ಎರಡು ಸುರಂಗ ಇವೆ, ನೋಡಿ. ಹೊಲಿಗೆಯ ದಾರದ ತುದಿಯನ್ನು ಅದರೊಳಗೆ ತೂರಿಸಿ ಇಕ್ಕಳದಲ್ಲಿ ಅದುಮುತ್ತಿದ್ದರು. ಅದುಮಿದ ಗುರುತು ಎರಡೂ ಮುಖದಲ್ಲಿದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದೆ. ಹಗಲು ಕಾಣದ ಅಕ್ಷರದ ಅಂಚು ನೆರಳಿನಲ್ಲಿ ಎದ್ದು ಬಂತು. ಸುರಂಗದೊಳಗೆ ದಾರದ ಒಂದು ಎಳೆ ಇನ್ನೂ ಇದೆ. ದಯವಿಟ್ಟು ಅದನ್ನು ಎಳೆಯಬೇಡಿ. ಕರೆಂಟ್ ಮೀಟರಿನ ಸೀಲು, ರೈಲ್ವೆ ವ್ಯಾಗನ್ನಿನ ಸೀಲು ಎಲ್ಲವೂ ಇದೇ ಜಾತಿ.

ಮುರಿದ ಬಳೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅದು ಎರಕದ ಕಬ್ಬಿಣದ ಪೈಪಿನ ಜೋಡಣೆ. ಒಂದು ಪೈಪಿನ ಬಾಯೊಳಗೆ ಇನ್ನೊಂದನ್ನು ಕೂರಿಸಿ, ಸಂದಿಗೆ ಮೊದಲು ನಾರಿನ ಹುರಿ ತುರುಕುತ್ತಿದ್ದರು. ಆಮೇಲೆ ಕಾದ ಸೀಸ ಹೊಯ್ದು, ಆರಿದ ಮೇಲೆ ಮೊಂಡ ಉಳಿಯಿಂದ ಸುತ್ತಲೂ ಬಡಿದು ಬಿಗಿ ಮಾಡುತ್ತಿದ್ದರು. ನಿಮ್ಮ ತುಂಡಿನ ಒಂದು ಅಂಚಿನಲ್ಲಿ ಹುರಿಯ ಹೆಣಿಗೆ ಅಚ್ಚು ಬಿದ್ದ ಹಾಗೆ ಇದೆ. ಇನ್ನೊಂದು ಅಂಚಿನಲ್ಲಿ ಉಳಿಯ ಏಟು ಸಾಲಾಗಿ ಇವೆ. ಎಣಿಸಿದೆ, ಹದಿನಾಲ್ಕು. ಒಂದೇ ಕೈಯ ಏಟು, ಒಂದೇ ಅಂತರ. ನಿಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೇ ಪಲ್ಪರ್ ಮನೆಗೆ ನೀರು ಬರುತ್ತಿದ್ದ ಸಾಲು ಅಲ್ಲೇ ಹತ್ತಿರ ಹೋಗಿರಬೇಕು.

ಇಟ್ಟುಕೊಳ್ಳುವ ವಿಚಾರ. ಸೀಲು, ಚರೆ, ಪೈಪಿನ ತುಂಡು ನಿಮ್ಮವೇ. ಮೂರು ಗುಂಡಿನ ಮಾತು ಬೇರೆ. ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾನೂನು 1878ರಿಂದಲೇ ಇದೆ. ನಮ್ಮ ರಾಜ್ಯದ್ದು 1962ರ ಕಾಯ್ದೆ. ನೂರು ವರ್ಷ ದಾಟಿದ್ದನ್ನು 1972ರ ಕಾಯ್ದೆ ಪುರಾತನ ವಸ್ತು ಅನ್ನುತ್ತದೆ. ತಹಶೀಲ್ದಾರರ ಕಚೇರಿಗೆ ಒಂದು ಅರ್ಜಿ ಬರೆದು, ಫೋಟೋ ಇಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ಹಾಸನದ ಮಹಾರಾಜ ಪಾರ್ಕಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ತೋರಿಸಿ.

ಸೀಸ ವಿಷ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮೇಲಿನ ಬಿಳಿ ಪುಡಿ ಇನ್ನೂ ಕೆಟ್ಟದ್ದು, ಅದನ್ನು ಉಜ್ಜಬೇಡಿ, ಊದಬೇಡಿ. ಮೊಮ್ಮಕ್ಕಳ ಕೈಗೆ ಕೊಡಲೇಬೇಡಿ.

ಓಲೆಯ ಆಸೆ ಬಿಡಬೇಡಿ. ಸಣ್ಣ ಬಂಗಾರಕ್ಕೂ ಸೀಸಕ್ಕೂ ಡಿಟೆಕ್ಟರ್ ಹೆಚ್ಚುಕಡಿಮೆ ಒಂದೇ ಥರ ಕೂಗುತ್ತದೆ. ಸೀಸ ಸಿಗುತ್ತಿದೆ ಅಂದರೆ ನಿಮ್ಮ ಯಂತ್ರ ಸರಿಯಾಗಿಯೇ ಕೇಳಿಸಿಕೊಳ್ಳುತ್ತಿದೆ. ಅವತ್ತು ಕೊಯ್ದ ಸಾಲಿನ ತರಗೆಲೆ ಮೇಲೇ ನಿಧಾನವಾಗಿ ಆಡಿಸಿ. ಅಗೆಯುವುದಕ್ಕಿಂತ ಮೊದಲು ಕಣದ ಮೂಲೆಯನ್ನೂ ನೋಡಿ.

ಪ್ರಶ್ನೆ: ನಮ್ಮ ಹೊಲದಲ್ಲಿ ಡಿಟೆಕ್ಟರ್‌ಗೆ ಒಂದು ಸೀಸದ ಬಿಲ್ಲೆ ಸಿಕ್ಕಿತು. ಮಸುಕಾಗಿ ಎತ್ತಿನ ಹಾಗೆ ಕಾಣುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಚಿತ್ರ ಚೆನ್ನಾಗಿ ಕಾಣುತ್ತದಾ?
— ಕಡೂರು ಕಡೆಯ ಓದುಗರು

ಉತ್ತರ: ಬೇಡ. ದಮ್ಮಯ್ಯ, ಹುಣಸೆಹಣ್ಣು ಹಾಕಬೇಡಿ. ಹಿತ್ತಾಳೆ ಚೊಂಬಿಗೆ ಒಳ್ಳೆಯದಾದ ಹುಣಸೆ ಸೀಸಕ್ಕೆ ಶತ್ರು. ನಿಂಬೆಹಣ್ಣೂ ಬೇಡ, ವಿನೆಗರೂ ಬೇಡ. ಹುಳಿ ಸೀಸವನ್ನು ತಿನ್ನುತ್ತದೆ. ಉಜ್ಜಿದಾಗ ಹೋಗುವುದು ಕೊಳೆಯಲ್ಲ, ಎತ್ತು.

ನಮ್ಮ ನಾಡಿನಲ್ಲಿ ಸೀಸದ ನಾಣ್ಯ ನಿಜವಾಗಿಯೂ ಓಡಾಡಿದೆ. ಶಾತವಾಹನರು ಸೀಸದಲ್ಲೇ ನಾಣ್ಯ ಮಾಡಿಸಿದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಎಂ. ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದರು. ಸದಕಣ ವಂಶದ ಮಹಾರಠಿಯ, ಅಂದರೆ ಆ ಸೀಮೆಯ ಅಧಿಪತಿಯ, ಸೀಸದ ನಾಣ್ಯ ಅಲ್ಲಿಯವೇ. ಅದರಲ್ಲಿ ಒಂದು ಕಡೆ ಹಿಣಿಲಿರುವ ಎತ್ತು, ಇನ್ನೊಂದು ಕಡೆ ಕಟಕಟೆಯೊಳಗಿನ ಮರ. ಕಡೂರಿನಿಂದ ಚಿತ್ರದುರ್ಗ ಎಷ್ಟು ದೂರ? ಆದ್ದರಿಂದಲೇ ನನಗೆ ಆತಂಕ.

ಬಿಲ್ಲೆಯ ಹಿಂಬದಿಯಲ್ಲಿ ಮರದಂಥದ್ದೇನಾದರೂ ಇದೆಯಾ ನೋಡಿ. ಅಂಚಿನಲ್ಲಿ ಸುತ್ತಲೂ ಒಂದೇ ಸಮನಾದ ಗೆರೆ ಇದ್ದರೆ ಅದು ಇತ್ತೀಚೆಗೆ ಎರಕ ಹೊಯ್ದ ನಕಲಿರಬಹುದು. ಎರಡೂ ಮುಖದ ಫೋಟೋವನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಬಿಲ್ಲೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಮರದ ಪೆಟ್ಟಿಗೆ, ರಟ್ಟಿನ ಡಬ್ಬಿ ಬೇಡ. ಮರದಿಂದ ಬರುವ ಹುಳಿ ಆವಿಗೂ ಸೀಸ ಬಿಳಿಚಿ ಪುಡಿಯಾಗುತ್ತದೆ. ಸಿಕ್ಕ ಜಾಗಕ್ಕೆ ಒಂದು ಗೂಟ ಹೊಡೆದು ಸುಮ್ನೆ ಬಿಟ್ಟುಬಿಡಿ. ಆಮೇಲೆ ಪುರಾತತ್ವ ಇಲಾಖೆಯವರಿಗೆ ತಿಳಿಸಿ. ಅಲ್ಲಿಯವರೆಗೆ ಊರಲ್ಲಿ ಹೇಳಿಕೊಂಡು ತಿರುಗಬೇಡಿ. ರಾತ್ರೋರಾತ್ರಿ ಹೊಲ ಅಗೆದುಹೋಗುವವರಿದ್ದಾರೆ.

ಪ್ರಶ್ನೆ: ಮೇಡಂ, ನಮ್ಮೂರ ಹತ್ತಿರ ಒಂದು ಹಾಳು ಗುಡಿ ಇದೆ. ಡಿಟೆಕ್ಟರ್ ತಗೊಂಡು ಹೋದರೆ ಏನಾದರೂ ಹಳೇದು ಸಿಗಬಹುದಾ?
— ಕಾಲೇಜು ವಿದ್ಯಾರ್ಥಿ, ಹಳೇಬೀಡು ಹತ್ತಿರ

ಉತ್ತರ: ಹೋಗಬೇಡಪ್ಪ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮೂರ ಗುಡಿ ಆ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಆದರೂ ಬೇಡ.

ನನ್ನ ತವರೂರಿನ ಕೆರೆ ಏರಿಯ ಕೆಳಗೆ ಒಂದು ಸಣ್ಣ ಈಶ್ವರನ ಗುಡಿ ಇತ್ತು. ನಿಧಿ ಇದೆ ಅಂತ ಯಾರೋ ಒಂದು ಅಮಾವಾಸ್ಯೆ ರಾತ್ರಿ ನಂದಿಯನ್ನು ಕೆಡವಿ, ಅದರಡಿ ಆಳುದ್ದ ಗುಂಡಿ ತೋಡಿದರು. ಬೆಳಿಗ್ಗೆ ನಾವು ಹೋದಾಗ ನಂದಿ ಮಗ್ಗುಲಾಗಿ ಬಿದ್ದಿತ್ತು. ಕೊರಳಿನ ಗಂಟೆಸರ ಒಡೆದಿತ್ತು. ಗುಂಡಿಯಲ್ಲಿ ನೀರು ಮಾತ್ರ ಇತ್ತು. ಬಳಪದ ಕಲ್ಲಿನಲ್ಲಿ ಆ ಗಂಟೆ ಕೆತ್ತಲು ಒಬ್ಬ ಎಷ್ಟು ದಿನ ಕೂತಿದ್ದನೋ. ನಿನಗೆ ಹಳೇದರ ಮೇಲೆ ಆಸೆ ಇದ್ದರೆ ಫೋನಿನಲ್ಲಿ ಆ ಗುಡಿಯ ಪ್ರತಿ ಕಲ್ಲಿನ ಫೋಟೋ ತೆಗೆದಿಡು. ಶಾಸನ, ವೀರಗಲ್ಲು ಇದ್ದರೆ ನನಗೂ ಕಳಿಸು.

ಪ್ರಶ್ನೆ: ತಾತನ ದಿನಸಿ ಅಂಗಡಿ ಇದ್ದ ಜಾಗದಲ್ಲಿ ಬಿರಡೆಯಂಥ ಮೂರು ಸೀಸದ ತುಂಡು ಸಿಕ್ಕವು. ಮೇಲ್ಭಾಗದಲ್ಲಿ ಏನೋ ಒತ್ತಿದ ಗುರುತಿದೆ.
— ಅರಸೀಕೆರೆ

ಉತ್ತರ: ನಿಮ್ಮ ಫೋಟೋ ನೋಡಿ ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಇವು ಕಬ್ಬಿಣದ ತೂಕದ ಬಟ್ಟಿನ ಹೊಟ್ಟೆಯೊಳಗಿನ ಸೀಸ.

ಎರಕದ ಬಟ್ಟಿನಲ್ಲಿ ಒಂದು ಗುಳಿ ಇರುತ್ತದೆ. ಸವೆದು ತೂಕ ಕಮ್ಮಿಯಾದರೆ ಆ ಗುಳಿಗೆ ಸೀಸ ತುಂಬಿ ಸರಿ ಮಾಡುತ್ತಾರೆ. ನಮ್ಮನೆಯವರು ಜಗಲಿಯ ಮೇಲೆ ಕೂತು ಸಣ್ಣ ಸೌಟಿನಲ್ಲಿ ಸೀಸ ಕರಗಿಸುತ್ತಿದ್ದರು. 327 ಡಿಗ್ರಿಗೇ ಕರಗುತ್ತದೆ, ಇದ್ದಿಲಿನ ಬೆಂಕಿ ಸಾಕು. ಮೊದಲು ಬಟ್ಟನ್ನು ಕಾಯಿಸಿ ಒಣಗಿಸುತ್ತಿದ್ದರು. ಗುಳಿಯಲ್ಲಿ ಒಂದು ಹನಿ ನೀರಿದ್ದರೂ ಸೀಸ ಸಿಡಿಯುತ್ತದೆ. ಮಕ್ಕಳನ್ನು ಒಳಗೆ ಕಳಿಸಿ ಬಾಗಿಲು ಹಾಕು ಅನ್ನುತ್ತಿದ್ದರು. ಹೊಯ್ದ ಸೀಸ ಒಂದು ಕ್ಷಣ ಕನ್ನಡಿಯ ಹಾಗೆ ಹೊಳೆದು, ನೋಡುತ್ತಿದ್ದ ಹಾಗೇ ಮಸುಕಾಗುತ್ತಿತ್ತು. ಆಮೇಲೆ ತಕ್ಕಡಿಗೆ ಹಾಕಿ, ಜಾಸ್ತಿಯಾಗಿದ್ದರೆ ಕೆರೆದು ಕೆರೆದು ಮುಳ್ಳು ನೆಟ್ಟಗೆ ನಿಲ್ಲಿಸುತ್ತಿದ್ದರು.

ಇಲಾಖೆಯ ಇನ್ಸ್‌ಪೆಕ್ಟರು ಬಂದು ಆ ಸೀಸದ ಮೇಲೆ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಏಟು ಹೊಡೆಯುತ್ತಿದ್ದರು. ನಿಮ್ಮ ತುಂಡಿನ ಮೇಲಿರುವುದು ಅದೇ ಮುದ್ರೆ. ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಇದ್ದರೆ ಅದು ವರ್ಷದ ಯಾವ ಮೂರು ತಿಂಗಳು ಅನ್ನುವುದನ್ನು ಹೇಳುತ್ತದೆ. ಪಕ್ಕದ ಎರಡು ಅಂಕೆ ವರ್ಷ. ಕಿಲೋ, ಗ್ರಾಂ ತಂದ ಕಾಯ್ದೆ 1956ರದ್ದು. ಅದರ ಹಿಂದೆ ಸೇರು, ತೊಲದ ಲೆಕ್ಕ. ಒಂದು ತೊಲ ಅಂದರೆ 11.66 ಗ್ರಾಂ. ಒಂದರ ಮೇಲೊಂದು ಮುದ್ರೆ ಬಿದ್ದಿದ್ದರೆ ಸಂತೋಷಪಡಿ. ನಿಮ್ಮ ತಾತ ತಪ್ಪದೆ ಬಟ್ಟು ಪರೀಕ್ಷೆ ಮಾಡಿಸುತ್ತಿದ್ದರು ಅಂತ ಅರ್ಥ. ಗುಜರಿಗೆ ಹಾಕಬೇಡಿ.

ಪ್ರಶ್ನೆ: ನೆಲದಡಿ ನಲ್ಲಿ ಪೈಪ್ ಎಲ್ಲಿದೆ ಅಂತ ಡಿಟೆಕ್ಟರ್ ಹಿಡಿದು ನೋಡುವಾಗ ನಾವು ಕೊಂಡ ಹಳೇ ಮನೆಯ ಹಿಂದೆ ಏಳು ಚೌಕದ ಕಡ್ಡಿಗಳು ಸಿಕ್ಕವು. ತುದಿಯಲ್ಲಿ ಅರ್ಥವಾಗದ ಬರಹ. ಅತ್ತೆ ಮಾಟ ಅನ್ನುತ್ತಾರೆ, ಊಟವೇ ಸೇರುತ್ತಿಲ್ಲ ಅವರಿಗೆ. ಕಡ್ಡಿಗಳನ್ನು ಕವರಿನಲ್ಲಿ ಕಳಿಸಿದ್ದೇನೆ.
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ. ಅಮ್ಮಾ, ಇದು ಮಾಟ ಅಲ್ಲ. ಇವು ಅಚ್ಚಿನ ಮೊಳೆಗಳು. ಇಪ್ಪತ್ತೆರಡು ವರ್ಷ ನನ್ನ ಅನ್ನ ಇವುಗಳಿಂದಲೇ ಬಂದಿದೆ.

ಬರಹ ಅರ್ಥವಾಗದೇ ಇರುವುದು ಅದು ತಿರುಗುಮುರುಗಾಗಿ ಇರುವುದರಿಂದ. ಕಾಗದಕ್ಕೆ ಒತ್ತಿದಾಗ ನೆಟ್ಟಗಾಗುತ್ತದೆ. ಉಗುರಿನಿಂದ ಗೀರಿದರೆ ಇವು ಅಷ್ಟಾಗಿ ಗೀರು ಬೀಳಿಸಿಕೊಳ್ಳುವುದಿಲ್ಲ, ಗಮನಿಸಿ. ಮೊಳೆಯಲ್ಲಿ ಸೀಸದ ಜೊತೆ ಆಂಟಿಮನಿ, ತವರ ಬೆರೆತಿರುತ್ತದೆ. ಬರೀ ಸೀಸವಾಗಿದ್ದರೆ ಸಾವಿರ ಪ್ರತಿ ಒತ್ತುವುದರೊಳಗೆ ಅಕ್ಷರ ಚಪ್ಪಟೆಯಾಗುತ್ತಿತ್ತು.

ಕವರು ಒಡೆದು ಒಂದನ್ನು ಕೈಗೆ ತೆಗೆದುಕೊಂಡೆ. ಹೆಬ್ಬೆರಳು ತಾನಾಗಿಯೇ ಪಕ್ಕದ ಸಣ್ಣ ಗೀರಿಗೆ ಹೋಯಿತು. ಮೊಳೆಯ ಒಂದು ಮಗ್ಗುಲಲ್ಲಿ ಆ ಗೀರು ಇರುತ್ತದೆ. ಕಣ್ಣಿನಲ್ಲಿ ನೋಡದೆ ಬೆರಳಿನಲ್ಲೇ ತಲೆ ಯಾವುದು ಕಾಲು ಯಾವುದು ಅಂತ ಗೊತ್ತಾಗಲಿ ಅಂತ. ನಾನು ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಬೆರಳಿಗೆ ಮರೆತಿಲ್ಲ.

ಅಕ್ಷರ ಇರುವ ಮೊಳೆಗಳ ಎತ್ತರ 23.3 ಮಿಲಿಮೀಟರ್. ಯಾವ ಪ್ರೆಸ್ಸಿನಲ್ಲೂ ಅಷ್ಟೇ ಇರಬೇಕು, ಒಂದು ಕೂದಲೆಳೆ ಕಮ್ಮಿಯಾದರೂ ಆ ಅಕ್ಷರ ಮಸಿ ಹಿಡಿಯುವುದಿಲ್ಲ. ನಿಮ್ಮ ಏಳರಲ್ಲಿ ಎರಡು ಗಿಡ್ಡ, ತುದಿಯೂ ಖಾಲಿ. ಅವು ಪದಗಳ ನಡುವೆ ಜಾಗ ಬಿಡಲು ಇಡುವ ಸ್ಪೇಸು. ನಾಲ್ಕು 12 ಪಾಯಿಂಟಿನವು, ಪಾಯಿಂಟು ಅಂದರೆ ಅಕ್ಷರದ ಗಾತ್ರದ ಅಳತೆ. ಸ್ಟಾಂಪ್ ಪ್ಯಾಡಿಗೆ ಅದ್ದಿ ಕಾಗದಕ್ಕೆ ಒತ್ತಿದೆ. ಒಂದು ಮ, ಒಂದು ವ, ಒಂದು ರ, ಇನ್ನೊಂದು ತ ಒತ್ತು. ಒತ್ತಕ್ಷರದ ಮೊಳೆ ಸಿಗುವುದು ನನಗೆ ತುಂಬ ಖುಷಿ. ಇಂಗ್ಲಿಷಿನವರಿಗೆ ಇಲ್ಲದ ಕಷ್ಟ ನಮಗೆ ಇತ್ತು. ಮೊಳೆ ಇಡುವ ಕೇಸಿನ ತುಂಬ ಒತ್ತು, ಕೊಂಬು, ದೀರ್ಘ ಅಂತ ಮನೆಗಳೇ ಮನೆಗಳು. ಯಾವ ಮನೆಯಲ್ಲಿ ಏನಿದೆ ಅಂತ ಕೈಗೆ ಬಾಯಿಪಾಠ ಆಗುವುದಕ್ಕೇ ನನಗೆ ಒಂದು ವರ್ಷ ಬೇಕಾಯಿತು.

ಏಳನೆಯದು ದೊಡ್ಡದು, ಉಳಿದವುಗಳ ಎರಡರಷ್ಟು ಅಗಲ. ಒತ್ತಿ ಕಾಗದ ಎತ್ತಿದೆ. ಅದು ಶ್ರೀ. ಲಗ್ನಪತ್ರಿಕೆಯ ನೆತ್ತಿಗೆ ಹಾಕುವ ಶ್ರೀ.

ನಿಮ್ಮ ಮನೆಯಲ್ಲಿ ಮೊದಲು ಯಾರಿದ್ದರು ಅಂತ ಬೀದಿಯ ಹಳಬರನ್ನು ವಿಚಾರಿಸಿ. ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಮೆಷಿನ್ ಇಟ್ಟುಕೊಂಡ ಸಣ್ಣ ಪ್ರೆಸ್ಸುಗಳು ಮನೆಯ ಹಿಂದಿನ ಕೋಣೆಯಲ್ಲೇ ಇರುತ್ತಿದ್ದವು. ಮೊಳೆಯೇ ಬೇಡದ ಆಫ್‌ಸೆಟ್ ಮುದ್ರಣ ಬಂದ ಮೇಲೆ ಮೊಳೆಗಳನ್ನು ಕೇಸುಕೇಸಾಗಿ ಚೀಲಕ್ಕೆ ಸುರಿದು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ನಮ್ಮ ಪ್ರೆಸ್ಸಿನಲ್ಲೂ ಹಾಗೇ ಆಯಿತು. ಸುರಿಯುವಾಗ ಉದುರಿದವು ನೆಲದಲ್ಲಿ ಉಳಿದವು. ನಿಮ್ಮ ಏಳು ಅಂಥವೇ.

ಮೊಳೆಗಳನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಶ್ರೀ ಒತ್ತಿದ ಕಾಗದವೂ ಜೊತೆಯಲ್ಲಿದೆ, ಅತ್ತೆಯವರ ಕೈಗೇ ಕೊಡಿ.